ಐದನೆಯವಳು

ನನ್ನ ತಂಗಿ ಸಂಗವ್ವ ಯೇಸುವನ್ನು ನಂಬಿದ ಸುದ್ದಿ ಖಾನಾಪುರದಿಂದ ಬೆಳಗಾವಿಗೆ ಬಂದು ಮುಟ್ಟಿದಾಗ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ತಲೆತಲಾಂತರದಿಂದ ಬಸವಣ್ಣನವರನ್ನು ನೆನೆದು ಉಂಡ ಮನೆತನ ನಮ್ಮದು. ಗಂಡ ತೀರಿಕೊಂಡ ಮೇಲೆ ವರ್ಷವಿಡೀ ಹಾಸಿಗೆ ಹಿಡಿದಿದ್ದವಳು, ನೆರೆಮನೆಯ ಮನಿಷಾಳ ಜೊತೆ ಪ್ರಾರ್ಥನೆಗೆ ಹೋಗಲು ಶುರುಮಾಡಿದ ಮೇಲೆ ಎದ್ದಳು, ಉಂಡಳು, ರೊಟ್ಟಿ ಬಡಿಯುತ್ತ ಹಾಡತೊಡಗಿದಳು. ಅರ್ಧ ಮರಾಠಿ, ಅರ್ಧ ಕನ್ನಡದ ಹಾಡು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಎಷ್ಟು ದಿನ ಹಾಡುತ್ತಾಳೋ ನೋಡೋಣ ಎಂದುಕೊಂಡೆ. ಮೂರು ವರ್ಷವಾಯಿತು, ಹಾಡು ನಿಂತಿಲ್ಲ.

ಹಾಗಂತ ಅಳುವುದೇ ಇಲ್ಲವೆಂದಲ್ಲ. ಗಂಡ ತೀರಿಕೊಂಡ ತಿಥಿ ಬಂದಾಗ ಅವನ ಅಂಗಿ ಹಿಡಿದುಕೊಂಡು ಅಳುತ್ತ ಕುಳಿತಿದ್ದಳು. ನಾನೂ ಬಿಡಲಿಲ್ಲ.

“ಎಲ್ಲಿ ಹೋತವ್ವ ನಿನ್ನ ಯೇಸಪ್ಪ ಕೊಟ್ಟ ಸಂತೋಷ?”

“ಎಲ್ಲೂ ಹೋಗಿಲ್ಲಕ್ಕ, ಇಲ್ಲೇ ಐತಿ,” ಎಂದು ಮೂಗು ಒರೆಸಿಕೊಂಡಳು. “ಅಳೂಮುಂದ ನನ್ನ ಬಾಜೂಕ ಕುಂತಿರ್ತೈತಿ.”

ಇಂಥವಳ ಜೊತೆ ಜಗಳ ಆಡುವುದಾದರೂ ಹೇಗೆ?

ಈಗ ಅವಳ ಒಬ್ಬಳೇ ಮಗಳು ಅನುರಾಧಾಳ ಕುಬಸ. ಸಾಲಿ, ಕಾಲೇಜು ಎಂದು ಬೆಳಗಾವಿಯ ನಮ್ಮ ಮನೆಯಲ್ಲೇ ಬೆಳೆದ ಹುಡುಗಿ. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಐದು ಮಂದಿ ಮುತ್ತೈದೆಯರು ಅಕ್ಕಿ, ಕೊಬ್ಬರಿ, ಉತ್ತತ್ತಿ, ಖಣ ಹಾಕಿ ಅವಳ ಉಡಿ ತುಂಬುತ್ತಾರೆ. ಐದೇ ಮಂದಿ, ಆರಾದರೆ ನಡೆಯುವುದಿಲ್ಲ. ಗಂಡನಿಲ್ಲದವಳು ಮುಟ್ಟುವಂತಿಲ್ಲ. ಮಕ್ಕಳಿಲ್ಲದವಳನ್ನು ಕರೆಯುವುದಿಲ್ಲ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಕುಂಕುಮದ ಬಟ್ಟಲು ನನ್ನನ್ನು ದಾಟಿ ಮುಂದೆ ಹೋಗುತ್ತದೆ, ಅಷ್ಟೆ. ನನಗೆ ಮಕ್ಕಳಿಲ್ಲ. ಇಷ್ಟು ವಯಸ್ಸಾದರೂ ಒಬ್ಬ ಬಸುರಿಯ ಉಡಿಗೆ ಒಂದು ಹಿಡಿ ಅಕ್ಕಿ ಹಾಕಿದವಳಲ್ಲ ನಾನು. ಇಂಥ ದಿನಗಳಲ್ಲಿ ಅಡುಗೆಮನೆ ಸೇರಿ ಹೋಳಿಗೆ ಲಟ್ಟಿಸುವುದೇ ನನಗೆ ಮರ್ಯಾದೆಯ ಜಾಗ.

ಅವತ್ತೂ ಸಂಗವ್ವನ ಮನೆಯಲ್ಲಿ ಅಕ್ಕತಂಗಿ ಇಬ್ಬರೂ ಒಲೆಯ ಮುಂದಿದ್ದೆವು. ಹೊರಗೆ ನಾಲ್ವರು ಉಡಿ ತುಂಬಿ ಮುಗಿಸಿದ್ದರು. ಐದನೆಯವಳು ಏಳುವಷ್ಟರಲ್ಲಿ ಅನುರಾಧಾ ಸೆರಗನ್ನು ಮುಚ್ಚಿ ಹಿಡಿದಳು.

“ಐದನೇದು ನಮ್ಮವ್ವ ತುಂಬಬೇಕು. ಇಲ್ಲಂದ್ರ ನಾ ಎದ್ದು ಹೋಗ್ತೇನಿ.”

ಎಲ್ಲರೂ ಅವಳ ಅತ್ತೆಯ ಮುಖ ನೋಡಿದರು. ಕಾಕತಿಯಿಂದ ಬಂದಿದ್ದ ಬೀಗತಿ ಭೀಮಕ್ಕ ಸಣ್ಣಪುಟ್ಟದ್ದಕ್ಕೆಲ್ಲ ಮೂಗು ಮುರಿಯುವ ಹೆಂಗಸು. ಸೆರಗು ಸರಿಮಾಡಿಕೊಂಡು, “ಹಡದಾಕಿ ಅದಾಳ. ಆಕಿ ಕೈ ಕೆಟ್ಟದ್ದಾಗತೈತೇನು? ಕರೀರಿ,” ಎಂದಳು.

ಸಂಗವ್ವನ ಕಣ್ಣು ತುಂಬಿ ಬಂತು. ಗಡಿಬಿಡಿಯಿಂದ ಕೈ ತೊಳೆದುಕೊಂಡಳು. ನನಗೆ ಸಂತೋಷವೂ ಆಯಿತು, ಹೊಟ್ಟೆಯಲ್ಲಿ ಕಿಚ್ಚೂ ಬಿತ್ತು. ಎರಡೂ ಖರೆ. ಇನ್ನು ಈ ಅಡುಗೆಮನೆಯಲ್ಲಿ ಉಳಿಯುವವಳು ನಾನೊಬ್ಬಳೇ ಎಂದುಕೊಂಡು ಒಲೆಯ ಕಡೆ ಮುಖ ತಿರುಗಿಸಿದೆ.

ಬಾಗಿಲ ತನಕ ಹೋದ ಸಂಗವ್ವ ನಿಂತಳು. ತಿರುಗಿ ಬಂದು ನನ್ನ ಕೈಯೊಳಗಿನ ಲಟ್ಟಣಿಗೆ ಕಸಿದು ಕೆಳಗಿಟ್ಟು, ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು.

“ಅನೂ, ಹಡದಾಕಿ ನಾ. ತಲಿ ಬಾಚಿ, ಡಬ್ಬಿ ಕಟ್ಟಿ ನಿನ್ನ ದೊಡ್ಡಾಕಿ ಮಾಡಿದಾಕಿ ನಿಮ್ಮ ದೊಡ್ಡವ್ವ. ಐದನೇದು ಈಕಿ ತುಂಬ್ತಾಳ.”

“ಮತ್ತ ನೀ?”

“ನನ್ನ ಉಡಿ ದೇವರು ತುಂಬ್ಯಾನ. ನನಗ ಕಮ್ಮಿ ಆಗಾಂಗಿಲ್ಲ. ಸೆರಗ ಬಿಚ್ಚು.”

ಭೀಮಕ್ಕ ಬಾಯಿ ತೆರೆದಳು. ಆಗಲೇ ಒಂದಕ್ಕೆ ಹೂಂ ಅಂದಿದ್ದವಳು, ಇದಕ್ಕೆ ಬ್ಯಾಡ ಅನ್ನಲಾಗದೆ ಮುಚ್ಚಿಕೊಂಡಳು.

ನಾನು ಹಾಕಿದ ಅಕ್ಕಿಯಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಅನುರಾಧಾ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಹೊರಳಿತು. ಮಂದಿಯೆಲ್ಲ ನೋಡುತ್ತಿದ್ದರು, ನೋಡಲಿ ಎಂದು ನಾನು ಕೈ ತೆಗೆಯಲಿಲ್ಲ.

ಒಳಗೆ ಬಂದಾಗ ಸಂಗವ್ವ ನಾನು ಬಿಟ್ಟುಹೋದ ಹೋಳಿಗೆ ಲಟ್ಟಿಸುತ್ತಿದ್ದಳು.

“ಬಿಟ್ಟುಕೊಟ್ಟೆಲ್ಲ ಹುಚ್ಚಿ, ಸಂಕಟ ಆಗಲಿಲ್ಲೇನ ನಿನಗ?”

“ಆತು. ಭಾಳ ಆತು,” ಎಂದಳು. ಕೆನ್ನೆ ಒದ್ದೆಯಾಗಿತ್ತು, ಮುಖ ನಗುತ್ತಿತ್ತು. “ದಿನಾ ಪ್ರಾರ್ಥನಾದಾಗ ನಿನ್ನ ಸಲುವಾಗಿ ಒಂದ ಬೇಡಕೋತಿದ್ದೆ ಅಕ್ಕಾ. ಒಮ್ಮಿಯಾದ್ರೂ ನಮ್ಮಕ್ಕನ್ನ ಯಾರಾದ್ರೂ ಉಡಿ ತುಂಬಾಕ ಕರೀಲಿ ಅಂತ.”

“ಮತ್ತ?”

“ಯಾರೂ ಕರೀಲಿಲ್ಲ. ಬಾಗಲದಾಗ ನಿಂತಾಗ ತಿಳೀತು, ಕರಿಯಾಕಿ ನಾನ ಅಂತ.”

ನಾನು ಒಲೆಯ ಪಕ್ಕ ನೆಲದ ಮೇಲೆಯೇ ಕುಳಿತು, ಮದುವೆಯಾದಂದಿನಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಅತ್ತೆ. ಅವಳು ಹೋಳಿಗೆ ಸೀಯಲು ಬಿಟ್ಟು ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.