ಮೆತ್ತಗಿನ ಪತ್ರ

ಪೆನ್ನಿಗೆಂದು ಕೋಟಿನ ಜೇಬಿಗೆ ಕೈಹಾಕಿದ ಡಾಕ್ಟರಮ್ಮನ ಬೆರಳಿಗೆ ಅಳತೆಯ ಟೇಪು ಸುತ್ತಿಕೊಂಡಿತು. ಹಳದಿ ಟೇಪು, ತುದಿಗೆ ತಗಡಿನ ಚೂರು. ತಮ್ಮದಲ್ಲ. ತಟ್ಟನೆ ಸಿಸ್ಟರ್ ಕಡೆ ತಿರುಗಿದರು.

"ಸಿಸ್ಟರ್, ಬೆಳಿಗ್ಗೆ ಆ ಹೊಲಿಗೆಯವಳನ್ನ ಕಳಿಸಿದ ಮೇಲೆ ನಾನು ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿದ್ನಾ?"

"ನನ್ನ ಕೇಳಿದ್ರೆ? ಅವಳು ಬಾಗಿಲು ದಾಟಿದ್ದೇ ತಡ, ಆ ಅವಳಿ ಹೆರಿಗೆ ಬಂತಲ್ಲ. ಆಮೇಲೆ ನೀವು ನೀರು ಕುಡಿದದ್ದೂ ನಾನು ಕಾಣೆ."

ಮಾಡಿರಲಿಲ್ಲ. ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು.

ಬೆಳಿಗ್ಗೆ ಹೊಟ್ಟೆಯ ಅಳತೆ ತೆಗೆಯಲು ಹೋದರೆ ಕ್ಲಿನಿಕ್ಕಿನ ಟೇಪು ನಡುವೆ ಹರಿದಿತ್ತು. ಹೊಲಿಗೆಯವಳು ನಗುತ್ತಾ ಕೊರಳಿಂದ ತನ್ನದನ್ನೇ ತೆಗೆದು, "ಇದನ್ನ ತಗೊಳ್ಳಿ ಡಾಕ್ಟ್ರೇ, ಹದಿನೈದು ವರ್ಷದಲ್ಲಿ ಒಂದು ಇಂಚೂ ಸುಳ್ಳು ಹೇಳಿಲ್ಲ" ಎಂದಿದ್ದಳು. ಎಂಟನೇ ತಿಂಗಳು. ಮಗುವಿನ ಬೆಳವಣಿಗೆಯೇನೋ ಸರಿಯಾಗೇ ಇತ್ತು. ಆದರೆ ಮಲಗಿದರೆ ಕೆಮ್ಮು ಬರುತ್ತದೆಂದು ನಾಲ್ಕು ರಾತ್ರಿಯಿಂದ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳಂತೆ. ಸ್ಟೆತಾಸ್ಕೋಪು ಇಟ್ಟಾಗ ಎರಡು ಬಡಿತಗಳ ನಡುವೆ ಇರಬಾರದ ಸದ್ದೊಂದು ಕೇಳಿತ್ತು. "ಏನೂ ಇಲ್ಲ, ಸುಮ್ನೆ ಒಂದ್ಸಲ ತೋರಿಸ್ಕೊಂಡು ಬಾ" ಎಂದು ಡಾಕ್ಟರಮ್ಮ ಹಾರ್ಟ್ ಡಾಕ್ಟರಿಗೆ ಪತ್ರ ಬರೆದುಕೊಟ್ಟಿದ್ದರು.

ಅವರ ಪತ್ರಗಳೇ ಹಾಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟೋ ವರ್ಷದ ಹಿಂದೆ ಬಸುರಿಯೊಬ್ಬಳು ಬಸ್ಸಿನಲ್ಲೇ ಲಕೋಟೆ ಒಡೆದು, ಒಳಗಿದ್ದ 'ಅಪಾಯ' ಎಂಬ ಮಾತು ಓದಿ, ಅಲ್ಲೇ ಮೂರ್ಛೆ ಹೋಗಿ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ಪತ್ರದಲ್ಲಿ ಬರೀ 'ಸ್ವಲ್ಪ ಉಬ್ಬಸ, ದಯವಿಟ್ಟು ನೋಡಿ'. ನಿಜ ಸಂಗತಿ ಹೋಗುವುದು ಫೋನಿನಲ್ಲಿ, ರೋಗಿಯ ಬೆನ್ನ ಹಿಂದೆ. ಹಾರ್ಟ್ ಡಾಕ್ಟರಿಗೂ ಇದು ರೂಢಿಯಾಗಿತ್ತು. ಫೋನು ಬಂತೋ, ಓಡಿ ಬರುತ್ತಿದ್ದರು. ಫೋನು ಬರದಿದ್ದರೆ ಪತ್ರ ಅವರ ಆಸ್ಪತ್ರೆಯ ಗುಮಾಸ್ತನ ಟ್ರೇಗೆ.

ಆ ಗುಮಾಸ್ತ ಈಗ ಫೋನಿನ ಆಚೆ ತುದಿಯಲ್ಲಿ ನಿಧಾನವಾಗಿ ಹಾಳೆ ಮಗುಚುತ್ತಿದ್ದ. ಅವನಿಗೇನು ಅವಸರ! "ಹೌದು ಮೇಡಂ, ಬಂದಿದ್ರು. ಪತ್ರದಲ್ಲಿ ಅರ್ಜೆಂಟು ಅಂತ ಏನೂ ಇರಲಿಲ್ಲ. ಮುಂದಿನ ತಿಂಗಳು ಹನ್ನೆರಡಕ್ಕೆ ಡೇಟ್ ಕೊಟ್ಟು ಕಳಿಸಿದ್ವಿ."

ಮುಂದಿನ ತಿಂಗಳು! ಅಷ್ಟರಲ್ಲಿ ತಾಯಿಯೂ ಇರುವುದಿಲ್ಲ, ಮಗುವೂ ಇರುವುದಿಲ್ಲ. ಇವತ್ತು ಸಂಜೆ ದಾಟುವುದೇ ಹೆಚ್ಚು. ಹೊಲಿಗೆಯವಳ ಮೊಬೈಲು ರಿಂಗಾಗಿ ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದರು. ಮತ್ತೂ ನಿಂತಿತು. ಹೊರಗೆ ಬೆಂಚಿನ ಮೇಲೆ ಹನ್ನೊಂದು ಜನ ಕೂತಿದ್ದರು. "ಈಗ ಬಂದೆ" ಎಂದಷ್ಟೇ ಅವರಿಗೆ ಹೇಳಿ ಡಾಕ್ಟರಮ್ಮ ಚಪ್ಪಲಿ ಮೆಟ್ಟಿದರು. ಸಿಸ್ಟರ್ ಆಮ್ಲಜನಕದ ಪುಟ್ಟ ಸಿಲಿಂಡರನ್ನು ತಾನೇ ಹೆಗಲಿಗೇರಿಸಿ ಹಿಂದೆ ಬಂದಳು. "ಬೈಯೋದೆಲ್ಲ ಆಮೇಲೆ ಬೈತೀನಿ, ಮೊದಲು ನಡೀರಿ."

ಹೊಲಿಗೆ ಅಂಗಡಿ ಮೂರನೇ ಬೀದಿಯಲ್ಲಿ, ಮಹಡಿಯ ಮೇಲೆ. ಹೊಲಿಗೆಯವಳು ಮೆಟ್ಟಿಲ ನಡುವೆಯೇ ಕೂತುಬಿಟ್ಟಿದ್ದಳು. ತುಟಿ ಕಪ್ಪಿಟ್ಟಿತ್ತು. ಡಾಕ್ಟರಮ್ಮ ದಾರಿಯುದ್ದಕ್ಕೂ ಮಾಡುತ್ತಿದ್ದ ಕರೆಗೆ ಮೊಬೈಲು ಮೇಲೆ ಮೆಷಿನ್ನಿನ ಪಕ್ಕ ಇನ್ನೂ ಬಡಿದುಕೊಳ್ಳುತ್ತಿತ್ತು. ಅವಳ ಅತ್ತೆ ರಟ್ಟಿನ ಚೂರಿನಿಂದ ಗಾಳಿ ಹಾಕುತ್ತಿದ್ದಳು.

"ಬಸುರಿಗೆ ಉಸಿರು ಕಟ್ಟೋದು ಹೊಸದಾ?" ಅತ್ತೆ ಡಾಕ್ಟರಮ್ಮನನ್ನು ಕಂಡದ್ದೇ ಶುರುಮಾಡಿದಳು. "ನೀವೇ ಏನೂ ಇಲ್ಲ ಅಂದ್ರಂತೆ. ನಾನು ಐದು ಹೆತ್ತಿದೀನಿ..."

"ಸುಮ್ನಿರಿ ಅತ್ತೆ." ಹೊಲಿಗೆಯವಳು ಮಾತಿಗೊಂದು ಉಸಿರು ತೆಗೆಯುತ್ತಿದ್ದಳು. "ಡಾಕ್ಟ್ರು ಮೆಟ್ಟಿಲು ಹತ್ತಿ ಬಂದಿದಾರೆ. ಏನೋ ಇದೆ. ಹೇಳಿ ಡಾಕ್ಟ್ರೇ."

ಸಿಸ್ಟರ್ ಅವಳ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿದಳು. ಡಾಕ್ಟರಮ್ಮ ಒಂದು ಮೆಟ್ಟಿಲು ಕೆಳಗೆ ಕೂತರು. ಬಾಯಿಗೆ ಮೊದಲು ಬಂದದ್ದು ಅದೇ ಹಳೆಯ 'ಏನೂ ಇಲ್ಲ'. ಅದನ್ನು ನುಂಗಿಕೊಂಡರು.

"ನಿನ್ನ ಹೃದಯದಲ್ಲಿ ಒಂದು ಬಾಗಿಲು ಸರಿಯಾಗಿ ತೆರೀತಿಲ್ಲ ಅನ್ಸುತ್ತೆ. ಎದೆಯೊಳಗೆ ನೀರು ತುಂಬ್ತಾ ಇದೆ. ನಿಂಗೂ ಅಪಾಯ, ಮಗೂಗೂ ಅಪಾಯ. ಬೆಳಿಗ್ಗೇನೇ ನನಗೆ ಗೊತ್ತಿತ್ತು."

ಅತ್ತೆಯ ಕೈಯ ರಟ್ಟು ನಿಂತಿತು. ಹೊಲಿಗೆಯವಳು ಮೂರ್ಛೆ ಹೋಗಲಿಲ್ಲ, ಅಳಲೂ ಇಲ್ಲ. ಅವಳಿಗೆ ಸಿಟ್ಟು ಬಂದಿತ್ತು.

"ಹೇಳಿದ್ರೆ ಆ ಗುಮಾಸ್ತನ ಮೇಜು ಬಿಟ್ಟು ಏಳ್ತಾನೇ ಇರಲಿಲ್ಲ ನಾನು. ಅವನು ಡೇಟ್ ಕೊಟ್ಟ, ನೀವು ಏನೂ ಇಲ್ಲ ಅಂದಿದ್ರಲ್ಲ ಅಂತ ಸುಮ್ನೆ ಬಂದೆ. ನಾನೇನು ಗಾಜಾ, ಒಡೆದು ಹೋಗೋಕೆ?"

ಡಾಕ್ಟರಮ್ಮನ ಕಿವಿ ನಾಚಿಕೆಯಿಂದ ಬಿಸಿಯಾಯಿತು. ಅಲ್ಲಿಂದಲೇ ಹಾರ್ಟ್ ಡಾಕ್ಟರಿಗೆ ಫೋನು ಮಾಡಿದರು, ಎಲ್ಲರ ಎದುರಿಗೇ, ಒಂದು ಮಾತೂ ಮುಚ್ಚಿಡದೆ. ಆಂಬುಲೆನ್ಸು ಬರುವಷ್ಟರಲ್ಲಿ ಅತ್ತೆ ತಂದುಕೊಟ್ಟ ಅಳತೆ ಪುಸ್ತಕದ ಹಾಳೆಯ ಮೇಲೆ ಹೊಸ ಪತ್ರ ಬರೆದರು. ಲಕೋಟೆ ಇರಲಿಲ್ಲ. ಹಾಗೇ ಹೊಲಿಗೆಯವಳ ಕೈಗಿಟ್ಟರು.

ಆಸ್ಪತ್ರೆಯ ಬಾಗಿಲಲ್ಲೇ ಹಾರ್ಟ್ ಡಾಕ್ಟರು ಕಾಯುತ್ತಿದ್ದರು. ಗಾಲಿಕುರ್ಚಿ ಇಳಿದದ್ದೇ ನರ್ಸೊಬ್ಬಳು ಹೊಲಿಗೆಯವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು, ಇನ್ನೊಬ್ಬಳು ಸೂಜಿ ಚುಚ್ಚಲು ನರ ಹುಡುಕತೊಡಗಿದಳು. ಡಾಕ್ಟರು ಪತ್ರಕ್ಕೆ ಕೈ ಚಾಚಿದರು.

ಹೊಲಿಗೆಯವಳು ಕೊಡಲಿಲ್ಲ. ಹಾಳೆಯನ್ನು ಹೊಟ್ಟೆಯ ಮೇಲೆ ಹರಡಿಕೊಂಡು, ಉಗುರಿನಿಂದ ಸಾಲು ಹಿಡಿದು ಓದುತ್ತಿದ್ದಳು.

"ಒಂದ್ ನಿಮಿಷ ಸಾರ್. ಇನ್ನೂ ಎರಡು ಸಾಲಿದೆ."

ಕೊನೆಯ ಸಾಲಿನಲ್ಲಿ, ಬೆಳಿಗ್ಗೆ ತಿಳಿಸದೇ ಇದ್ದದ್ದು ನನ್ನ ತಪ್ಪು ಎಂದಿತ್ತು. ಡಾಕ್ಟರಮ್ಮ ಜೇಬಿನೊಳಗಿನ ಟೇಪನ್ನು ಹಿಡಿದುಕೊಂಡು, ಆ ಉಗುರು ಅಲ್ಲಿಗೆ ಬರುವುದನ್ನೇ ನೋಡುತ್ತಾ ನಿಂತರು.