ಬೈತೀವ್ರಿ

ಮೈಕಿನ ಮುಂದೆ ನಿಂತರೆ ಸಾಕು, ಸಂಜೀವಕುಮಾರನ ನಾಲಿಗೆಗೆ 'ರಿ' ಅಂಟಿಕೊಳ್ಳುತ್ತಿತ್ತು. ಗೆಳೆಯರನ್ನು ಲೇ, ಮಗನೇ ಎಂದು ಧಾರಾಳವಾಗಿ ಬೈಯುವವನು, ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದ ಕೂಡಲೇ ಬೀಗರ ಮುಂದೆ ಕೂತ ಮದುಮಗನಾಗಿಬಿಡುತ್ತಿದ್ದ.

ತಪ್ಪು ಅವನದಲ್ಲ ಬಿಡಿ. ಬಸವಕಲ್ಯಾಣದಲ್ಲಿ ಅವನ ಅಪ್ಪ ಮಹಾರುದ್ರಪ್ಪನವರ ಬಟ್ಟೆ ಅಂಗಡಿ. ಕಾಲೇಜಿನ ಓದು ಮುಗಿದ ಮೇಲೆ ದಿನವಿಡೀ ಅಲ್ಲಿ 'ಬರ್ರಿ, ಕೂಡ್ರಿ, ಹಿಡದ ನೋಡ್ರಿ' ಎನ್ನುವುದೇ ಅವನ ಕೆಲಸ. ಇಪ್ಪತ್ತು ಸೀರೆ ಬಿಚ್ಚಿಸಿ ನೋಡಿ ಬರಿಗೈಲಿ ಎದ್ದವರಿಗೂ 'ಮತ್ತ ಬರ್ರಿ' ಎನ್ನಬೇಕು. ಹೊರಗಿನವರು ಕೇಳುವಾಗ ಅಂಥ ನಾಲಿಗೆಯಿಂದ ಬೈಗುಳ ಬಾ ಅಂದರೆ ಎಲ್ಲಿಂದ ಬರಬೇಕು?

೨೦೦೬ರ ಬೇಸಿಗೆ. ಸಂಜೀವ, ಫೈಜಲ, ಮನೀಷಾ ಈ ಮೂವರ ಹಿಪ್‌ಹಾಪ್ ತಂಡ 'ಕಿಲ್ಲಾ ಗ್ಯಾಂಗ್' ತನ್ನ ಮೊದಲ ಆಲ್ಬಂ ಮುಗಿಸಲು ಹುಮನಾಬಾದಿಗೆ ಬಂದಿತ್ತು. ಸ್ಟುಡಿಯೊ ಅಂದರೆ ರೈತರ ತೊಗರಿ ಮಾರಿಸಿಕೊಡುವ ಅಡತಿ ಅಂಗಡಿಯ ಮೇಲಿನ ಒಂದು ಕೋಣೆ. ಹೆದ್ದಾರಿಯ ಲಾರಿ ಸದ್ದು ಒಳಗೆ ಬಾರದಿರಲೆಂದು ಮಾಲೀಕ ಮಡೆಪ್ಪ ಗೋಡೆ ತುಂಬ ಖಾಲಿ ಗೋಣಿಚೀಲ ಹೊಡೆದಿದ್ದ. ಅಲ್ಲಿ ಭಜನೆ ರೆಕಾರ್ಡ್ ಆಗುತ್ತಿತ್ತು, ಚುನಾವಣೆ ಬಂದರೆ ಆಟೋದಲ್ಲಿ ಹಾಕುವ ಪ್ರಚಾರ. ಯಾರೇ ಹಾಡಲಿ, ತೊಗರಿ ಧೂಳಿಗೆ ಮೊದಲು ನಾಲ್ಕು ಸಲ ಸೀನುತ್ತಿದ್ದರು.

ಏಳು ಹಾಡು ಮುಗಿದಿದ್ದವು. ಎಂಟನೆಯದೇ ಕೊನೆಯದು; ಸಂಜೀವನೇ ಬರೆದದ್ದು, ಇಡೀ ಆಲ್ಬಂನಲ್ಲಿ ಅವನೊಬ್ಬನೇ ಹೇಳಬೇಕಾದ್ದು. ಹಿಂದಿನ ವರ್ಷ ದೂರದೂರಿನ ಸ್ಪರ್ಧೆಯೊಂದರಲ್ಲಿ ಜಡ್ಜ್ ಒಬ್ಬರು ಇವರ ಮಾತು ಕೇಳಿ, 'ಇದು ಯಾವ ಭಾಷೆ?' ಎಂದು ಮೈಕಿನಲ್ಲೇ ನಕ್ಕಿದ್ದರು. ಸಭೆಯೂ ನಕ್ಕಿತ್ತು. ಆ ಉರಿ ಸಂಜೀವನಿಗೆ ಇನ್ನೂ ಆರಿರಲಿಲ್ಲ. ಉತ್ತರ ತನ್ನ ಬಾಯಿಂದಲೇ ಬರಬೇಕೆಂದು ಅವನ ಹಟ.

ನಾಲ್ಕು ಗಂಟೆಗೆ ಪಕ್ಕದ ಹುಡಗಿ ಎಂಬ ಊರಿನ ಭಜನಾ ಮಂಡಳಿಯ ಸರದಿ. ಈಗಾಗಲೇ ಮೂರೂವರೆ.

ಹಾಳೆಯಲ್ಲಿ ಬರೆದದ್ದು 'ನಮ್ಮ ಮಾತಿಗಿ ನಕ್ಕೀಯಲ್ಲೋ, ಕಿವಿ ತೆರದು ಕೇಳೋ!' ಎಂದು. ಸಂಜೀವ ಎದೆಯುಬ್ಬಿಸಿ ಶುರು ಮಾಡಿದ: "ನಮ್ಮ ಮಾತಿಗಿ ನಕ್ಕಿರಲ್ರಿ, ಕಿವಿ ತೆರದು ಕೇಳ್ರಿ!"

"ಲೇ ಸಂಜ್ಯಾ, ಬೈಯಾಕತ್ತೀಯೋ, ಸೀರಿ ಮಾರಾಕತ್ತೀಯೋ?" ಫೈಜಲ ಹಣೆ ಬಡಿದುಕೊಂಡ.

ಹನ್ನೊಂದು ಸಲ ಹೇಳಿಸಿದರು. ಹನ್ನೊಂದು ಸಲವೂ ರಿ.

"ಬ್ಯಾಸರ ಮಾಡ್ಕೋಬ್ಯಾಡ. ಇದೊಂದ್ ಸಲ ನೋಡೂಣು. ಆಗಲಿಲ್ಲಂದ್ರ ನಾನೇ ಹೇಳ್ತೀನಿ," ಎಂದ ಫೈಜಲ, ಹಾಡುಗಳ ಪಟ್ಟಿಯಲ್ಲಿ ಎಂಟನೆಯದರ ಮುಂದೆ ಪೆನ್ಸಿಲಿನಿಂದ ತನ್ನ ಹೆಸರು ಬರೆದ. ಅದನ್ನು ಕಂಡು ಸಂಜೀವನಿಗೆ ಅಳುವೇ ಬಂತು.

ಅಷ್ಟರಲ್ಲಿ ಭಜನೆಯ ಒಂಬತ್ತು ಹೆಂಗಸರು ಹೊತ್ತಿಗೆ ಮುಂಚೆಯೇ ಬಂದು, ತಾಳ ಹಿಡಿದು ಗೋಡೆಗುಂಟ ಕೂತುಬಿಟ್ಟರು. ಕೆಂಪು ದೀಪ ಹತ್ತಿತು. ಇಷ್ಟು ಜನ ಹಿರಿಯರ ಎದುರು 'ಕೇಳೋ' ಅನ್ನುವುದುಂಟೇ? ಸಂಜೀವ ಆಸೆ ಬಿಟ್ಟ. ಬಿಟ್ಟದ್ದೇ ತಡ, ನಾಲಿಗೆ ಹಗುರಾಯಿತು. ಅಂಗಡಿಯಲ್ಲಿ ಹೇಳುವ ಹಾಗೆಯೇ ಕೈ ಬೀಸಿ ಸರಾಗವಾಗಿ ಹೇಳಿದ.

"ನಮ್ಮ ಮಾತಿಗಿ ನಕ್ಕಿರಲ್ರಿ, ಕಿವಿ ತೆರದು ಕೇಳ್ರಿ!"

"ಕೇಳ್ರಿ, ಕೇಳ್ರಿ!" ಮಂಡಳಿಯ ಹಿರಿಯರಾದ ಯಶೋದಾಬಾಯಿ ತಾಳ ಹಾಕಿಯೇಬಿಟ್ಟರು. ಒಬ್ಬರು ಹೇಳಿದರೆ ಉಳಿದವರು ದನಿಗೂಡಿಸಬೇಕು, ಅವರಿಗೆ ಗೊತ್ತಿದ್ದ ಪದ್ಧತಿ ಅದೇ.

"ನಿಮ್ಮ ಖುರ್ಚಿ ದೊಡ್ಡದದರಿ, ಬುದ್ಧಿ ಎಲ್ಲದ ಹೇಳ್ರಿ!"

"ಹೇಳ್ರಿ, ಹೇಳ್ರಿ!" ಒಂಬತ್ತೂ ಹೆಂಗಸರು ಕೂಡಿದರು. ಮನೀಷಾ ತನ್ನ ನಗು ಮೈಕಿಗೆ ಕೇಳಬಾರದೆಂದು ಗೋಣಿಚೀಲಕ್ಕೆ ಮುಖ ಒತ್ತಿ ನಿಂತಳು. ಬೈಗುಳಕ್ಕೆ ಮರ್ಯಾದೆ ಕೂಡಿದಷ್ಟೂ ಅದು ಹೆಚ್ಚು ಚುಚ್ಚುತ್ತಿತ್ತು. ಅದು ಗೊತ್ತಾದ ಸಂಜೀವನಿಗೆ ಕುಣಿಯುವಷ್ಟು ಖುಷಿ.

ಹಾಡು ಮುಗಿದಾಗ ಯಶೋದಾಬಾಯಿ ಕೇಳಿದರು, "ಯಾರಿಗಪ್ಪಾ ಬೈದಿದ್ದು?"

"ನಮ್ಮ ಮಾತಿಗಿ ನಕ್ಕವ್ರಿಗ್ರಿ, ಆಯಿ."

"ಹಂಗಾದ್ರ ಇನ್ನಷ್ಟ ಬೈಯಿ. ನಾವಿದ್ದೀವಿ."

ಫೈಜಲ ಪಟ್ಟಿಯಲ್ಲಿದ್ದ ತನ್ನ ಹೆಸರನ್ನು ಉಜ್ಜಿ ಅಳಿಸಿದ. "ಹಾಡಿನ ಹೆಸರು?"

"ಬೈತೀವ್ರಿ."

ಫೈಜಲ ಪೆನ್ನು ತೆಗೆದ. ಒಂದನೇ ಇಯತ್ತೆಯಿಂದ ಲೇ ಎಂದೇ ಕರೆದ ಗೆಳೆಯ ಈಗ ನಡು ಬಗ್ಗಿಸಿ ನಿಂತು ಕೇಳಿದ, "ಹೇಳಿದವ್ರ ಹೆಸರ ಹೇಳ್ರಿ."

"ಸಂಜೀವಕುಮಾರ ಅಂತ ಪೂರಾ ಬರಿ ಲೇ! ಜೋಡಿಗಿ ಹುಡಗಿ ಭಜನಾ ಮಂಡಳಿ ಅಂತನೂ ಬರಿ."

ಮಡೆಪ್ಪ ನಗುತ್ತ ಕೂತು ರೆಕಾರ್ಡಿಂಗ್ ನಿಲ್ಲಿಸಿ ಕೆಂಪು ದೀಪ ಆರಿಸುವುದನ್ನೇ ಮರೆತಿದ್ದ. ಆಲ್ಬಂನ ಕೊನೆಯಲ್ಲಿ ಫೈಜಲನ ಆ 'ಹೇಳ್ರಿ' ಇವತ್ತಿಗೂ ಹಾಗೇ ಇದೆ.