ಏಳನೇ ಪ್ಲೇಲಿಸ್ಟಿನ ಒಬ್ಬ ಆಟಗಾರ

ಆಫೀಸಿನಲ್ಲಿ ಅವಳನ್ನು ಎಲ್ಲರೂ ದಲ್ಲಾಳಿ ಎಂದೇ ಕರೆಯುತ್ತಿದ್ದರು. ಗಂಡುಹೆಣ್ಣು ಕೂಡಿಸುವ ದಲ್ಲಾಳಿಯಲ್ಲ, ಆಟಗಾರರನ್ನು ಕೂಡಿಸುವವಳು. ಹದಿನೈದು ವರ್ಷದ ಹಿಂದೆ ಪಡ್ಡೆ ಹುಡುಗರ ನಿದ್ದೆಗೆಡಿಸಿದ್ದ ನಾಲ್ಕು ಶೂಟಿಂಗ್ ಆಟಗಳಿಗೆ ಅವಳ ಕಂಪನಿ ಹೊಸ ಬಣ್ಣ, ಹೊಸ ಬೆಳಕು ಬಳಿದು ಒಂದೇ ಕಟ್ಟಿನಲ್ಲಿ ಮತ್ತೆ ಬಿಟ್ಟಿತ್ತು. ಯಾರೋ ತಮ್ಮ ಮನೆಯಲ್ಲಿ ಕೂತು ಗುಂಡಿ ಒತ್ತಿದರೆ, ಅವರಿಗೆ ಸರಿಸಮನಾದ ಎದುರಾಳಿಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಎದುರಿಗೆ ನಿಲ್ಲಿಸುವುದು ಅವಳ ಕೆಲಸ. ಯಾವ ಆಟ, ಯಾವ ಮೈದಾನ, ಎಷ್ಟು ಜನ ಎಂದು ವಿಂಗಡಿಸಿದ ಹದಿನಾಲ್ಕು ಪ್ಲೇಲಿಸ್ಟುಗಳೂ ಅವಳ ಕೈಯಲ್ಲೇ ಇದ್ದವು. ಆಟಗಾರ ಅರ್ಧ ನಿಮಿಷ ಹೆಚ್ಚು ಕಾದರೂ ಬೈಗುಳ ಅವಳಿಗೇ.

ಆ ಹದಿನಾಲ್ಕರಲ್ಲಿ ಏಳನೆಯದು ದೊಡ್ಡ ತಲೆನೋವು. ಹಳೆಯ ಎರಡನೇ ಆಟದ ನಿಯಮ, ಇಬ್ಬರ ಮೇಲೆ ಇಬ್ಬರು. ಹಗಲುಹೊತ್ತು ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಆದರೆ ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಒಬ್ಬ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದ. ನಾಲ್ಕೂವರೆಯವರೆಗೂ ನಿಂತಿರುತ್ತಿದ್ದ. ಆಟ ಸಿಗುತ್ತಿರಲಿಲ್ಲ, ಹೋಗುತ್ತಿದ್ದ. ಮಾರನೆಯ ದಿನ ಮತ್ತೆ ಹಾಜರ್. ಆಟಗಾರರ ಹೆಸರು ಅವಳ ಪರದೆಗೆ ಬರುತ್ತಿರಲಿಲ್ಲ, ಕಂಪನಿಯ ನಿಯಮ ಹಾಗೆ. ಕಾಣುತ್ತಿದ್ದದ್ದು ಉದ್ದದ ಒಂದು ಸಂಖ್ಯೆ, ಪಕ್ಕದಲ್ಲಿ ರ‍್ಯಾಂಕ್: ಐವತ್ತಕ್ಕೆ ನಲವತ್ತನಾಲ್ಕು. ಅಷ್ಟು ಮೇಲಿದ್ದವನಿಗೆ ಆ ಹೊತ್ತಿನಲ್ಲಿ ಸಮಜೋಡಿ ಎಲ್ಲಿಂದ ತರಬೇಕು?

"ದೆವ್ವ ಕಣ್ರೀ ಅದು," ಎಂದ ಪಕ್ಕದ ಮೇಜಿನ ಟೆಸ್ಟರ್. ದಪ್ಪ ಕನ್ನಡಕದಿಂದಾಗಿ ಅವನಿಗೆ ಸೋಡಾಬುಡ್ಡಿ ಎಂದು ಹೆಸರು. "ಮನುಷ್ಯ ಆಗಿದ್ರೆ ಎರಡು ನಿಮಿಷ ಕಾಯ್ತಾನೆ, ನಮ್ಮ ವಂಶಾನೆಲ್ಲಾ ಬೈದು ಎದ್ದು ಹೋಗ್ತಾನೆ. ಒಂದೂವರೆ ಗಂಟೆ ಯಾರ್ರೀ ಕಾಯ್ತಾರೆ?"

"ಸುಮ್ನೆ ಕೆಲಸ ನೋಡ್ರೀ," ಎಂದು ಅವಳು ನಕ್ಕಳು. ನಕ್ಕಳೇನೋ ಸರಿ, ಮೂರು ಗಂಟೆಯಾದರೆ ಕಣ್ಣು ತಾನಾಗಿ ಏಳನೇ ಸಾಲಿಗೆ ಹೋಗುತ್ತಿತ್ತು. ಸೊನ್ನೆ ಇದ್ದದ್ದು ಒಂದಾದಾಗ ಬೆನ್ನಿನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟ ಹಾಗಾಗುತ್ತಿತ್ತು. ಒಂದು ದಿನ ಅವನು ಹತ್ತು ನಿಮಿಷ ತಡವಾಗಿ ಬಂದ. ಆ ಹತ್ತು ನಿಮಿಷ ಅವಳು ಉಗುರು ಕಚ್ಚುತ್ತಾ ಕೂತಿದ್ದಳು. ಗುರುತು ಪರಿಚಯ ಇಲ್ಲದವನಿಗಾಗಿ ಇದೆಂಥ ಒದ್ದಾಟ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಕೊನೆಗೆ ತಂಡದ ಮುಖ್ಯಸ್ಥರೇ ಬಂದು ನಿಂತರು. "ಆಟಗಾರರು ಕಾಯೋ ಹೊತ್ತಿನ ಸರಾಸರಿ ಹಾಳಾಗ್ತಿರೋದೇ ಈ ಪುಣ್ಯಾತ್ಮನಿಂದ. ಒಂದೋ ಪ್ಲೇಲಿಸ್ಟ್ ತೆಗೆದುಬಿಡಿ, ಇಲ್ಲಾ ಅವನಿಗೊಂದು ಆಟ ಕೊಡಿ."

ತೆಗೆಯಲು ಅವಳಿಗೆ ಮನಸ್ಸು ಬರಲಿಲ್ಲ. ಮೂರಕ್ಕೆ ಬಂದವನು ಬಾಗಿಲೇ ಇಲ್ಲದ್ದು ನೋಡಿ ಎಲ್ಲಿಗೆ ಹೋಗಬೇಕು, ಪಾಪ! ಎರಡು ದಿನ ಕೂತು ಲೆಕ್ಕ ಬದಲಾಯಿಸಿದಳು. ಮೂರು ನಿಮಿಷ ಕಾದವನಿಗೆ ಐದು ರ‍್ಯಾಂಕ್ ಕೆಳಗಿನವರೂ ಆಗಬಹುದು, ಆರು ನಿಮಿಷಕ್ಕೆ ಹದಿನೈದು ಕೆಳಗಿನವರು, ಹತ್ತು ನಿಮಿಷ ದಾಟಿದರೆ ಪಕ್ಕದ ಪ್ಲೇಲಿಸ್ಟುಗಳಲ್ಲಿ ಖಾಲಿ ಇದ್ದ ಯಾರಾದರೂ ಸರಿ. ಮಂಗಳವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ಏಳನೇ ಸಾಲಿನಲ್ಲಿ ಹಸಿರು ದೀಪ ಹತ್ತಿತು. ಆಟ ಸಿಕ್ಕಿತು! ಅದು ಮುಗಿದ ಮೇಲೆ ಇನ್ನೊಂದು, ಮತ್ತೊಂದು. ಎಲ್ಲರೂ ಚಪ್ಪಾಳೆ ತಟ್ಟಿದರು. "ಅಂತೂ ದೆವ್ವಕ್ಕೂ ಜೋಡಿ ಕುದುರಿಸಿದ್ರಲ್ಲ ದಲ್ಲಾಳೀ!" ಎಂದು ಸೋಡಾಬುಡ್ಡಿ ಕಾಫಿ ತಂದುಕೊಟ್ಟ. ಅವಳು ಆ ದಿನ ಮನೆಗೆ ಹಾಡು ಗುನುಗುತ್ತಾ ಹೋದಳು. ಅಮ್ಮ ಊಟಕ್ಕೆ ಕೂತವಳು ತುತ್ತನ್ನು ತಟ್ಟೆಯಲ್ಲೇ ಹೊರಳಿಸಿ ಎದ್ದಳು. ತಲೆನೋವಿರಬೇಕು ಎಂದುಕೊಂಡು ಮಗಳು ಕೇಳಲಿಲ್ಲ.

ಬುಧವಾರ ಊಟ ಮುಗಿಸಿ ಬರುವಷ್ಟರಲ್ಲಿ ಒಂಬತ್ತು ದೂರು ಬಂದಿದ್ದವು. ಸೋಡಾಬುಡ್ಡಿ ಓದಿ ಹೇಳಿದ. "ನಿಮ್ಮ ನಲವತ್ತನಾಲ್ಕು ನಿಂತಲ್ಲೇ ನಿಂತಿರ್ತಾನಂತ್ರೀ. ಮುಖ ಆಕಾಶಕ್ಕೆ. ಇವನಿಂದ ಸೋತ್ವಿ ಅಂತ ಜೊತೆಗಾರರು ಬೈದಿದ್ದಾರೆ. ಒಬ್ಬ ಎದುರಾಳಿ ನೋಡಿ ಏನು ಬರ್ದಿದ್ದಾನೆ, 'ಏಳು ಸಲ ಹೊಡೆದೆ, ಅಲುಗಾಡಲೇ ಇಲ್ಲ, ಆಮೇಲೆ ಕೈ ಬರಲಿಲ್ಲ' ಅಂತ." ದೂರು ಕೊಡುವವರು ಯಾರ ಮೇಲೆ ದೂರೋ ಅವನ ಆಟದ ಹೆಸರು ಬರೆಯುತ್ತಾರಲ್ಲ, ಅದನ್ನು ನೋಡಿ ಅವನು ಕಿಸಕ್ಕನೆ ನಕ್ಕ. "ಹೆಸರು ಕೇಳಿ, ಗೂಬೆಮರಿ ಅಂತೆ!"

ಅವಳು ಎದ್ದು ಬಂದು ಅವನ ಪರದೆಯಲ್ಲಿ ಆ ಹೆಸರನ್ನು ತಾನೇ ಓದಿದಳು. ರಾತ್ರಿಯೆಲ್ಲ ಆಡುತ್ತಾ ಕೂತ ಮಗನನ್ನು ಅಮ್ಮ ಗೂಬೆ, ಗೂಬೆ ಎಂದು ಬೈದು ಬೈದು, ಅವನು ಅದನ್ನೇ ಆಟದ ಹೆಸರು ಮಾಡಿಕೊಂಡಿದ್ದ. ಅವಳ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ, ಇಪ್ಪತ್ತೆರಡು ತುಂಬುವ ಮೊದಲೇ, ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಹಳೆಯ ಖಾತೆಗಳನ್ನೆಲ್ಲ ರ‍್ಯಾಂಕ್ ಸಮೇತ ಹೊಸ ಕಟ್ಟಿಗೆ ಸಾಗಿಸಿದ್ದು ಅವಳದೇ ತಂಡ. ಲಕ್ಷಾಂತರ ಖಾತೆಗಳ ನಡುವೆ ಅವನದೂ ಬಂದಿರುತ್ತದೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಗಡಿಯಾರ ನೋಡಿದಳು, ಎರಡೂ ಮುಕ್ಕಾಲು. ಚೀಲ ಎತ್ತಿಕೊಂಡು, ಯಾರಿಗೂ ಹೇಳದೆ ಹೊರಬಿದ್ದಳು.

ಬಸ್ಸು ಒಂದೊಂದು ಸಿಗ್ನಲ್ಲಿನಲ್ಲೂ ನಿಂತಿತು. ಕಟ್ಟಡದ ಲಿಫ್ಟ್ ಎಂದಿನಂತೆ ಕೆಟ್ಟಿತ್ತು, ಮೂರು ಮಹಡಿ ಏರುವಷ್ಟರಲ್ಲಿ ಏದುಸಿರು ಬಂತು. ಬೀಗ ತೆಗೆದರೆ ಒಳಗಿನಿಂದ ಗುಂಡಿನ ಸದ್ದು. ತಮ್ಮನ ಕೋಣೆಯಿಂದ. ಹೆಜ್ಜೆ ಮುಂದಿಡಲು ಭಯವಾಯಿತು, ನಿಜವಾಗಿ ಭಯವಾಯಿತು.

ತಮ್ಮನ ಮಂಚದ ಅಂಚಿನಲ್ಲಿ ಅಮ್ಮ ಕೂತಿದ್ದಳು. ಒಂದು ಪಕ್ಕದಲ್ಲಿ ಮಡಿಸಿದ ಬಟ್ಟೆ, ಇನ್ನೊಂದು ಪಕ್ಕದಲ್ಲಿ ಮಡಿಸದ ಬಟ್ಟೆ, ತೊಡೆಯ ಮೇಲೆ ಕಂಟ್ರೋಲರ್. ಪರದೆಯಲ್ಲಿ ನೀಲಿ ಕವಚದವನೊಬ್ಬ ಮಗ್ಗುಲಾಗಿ ಬಿದ್ದಿದ್ದ. ಬಿದ್ದವನು ಮಾಯವಾಗಿ ಬೇರೆಲ್ಲೋ ಎದ್ದು ನಿಂತ, ಮುಖ ಆಕಾಶಕ್ಕೆ.

"ನೋಡೇ," ಎಂದಳು ಅಮ್ಮ, ತಿರುಗದೆ. "ನಿನ್ನೆಯಿಂದ ಇವನನ್ನ ಹೊಡೀತಾನೇ ಇದ್ದಾರೆ."

"ಅಮ್ಮಾ, ಇದನ್ನ ನಿಂಗೆ ಯಾರು ಹೇಳಿಕೊಟ್ರು?"

"ನೀನೇ. ನಿನ್ನ ಹೆಸರು ಬಂದಿದೆ ಅಂತ ತೋರಿಸ್ದೆಯಲ್ಲ, ಅವತ್ತು."

ಹೌದು, ತೋರಿಸಿದ್ದಳು. ಆಟ ಮಾಡಿದವರ ಪಟ್ಟಿಯಲ್ಲಿ ಮಗಳ ಹೆಸರು ನೋಡಲಿ ಎಂದು, ಮನೆಯಲ್ಲಿದ್ದ ಒಂದೇ ಆಟದ ಯಂತ್ರಕ್ಕೆ, ತಮ್ಮನದಕ್ಕೆ, ಹೊಸ ಕಟ್ಟನ್ನು ಹಾಕಿದ್ದಳು. ಹೆಸರು ತೋರಿಸಿ ಆರಿಸಿ ಎದ್ದುಹೋಗಿದ್ದಳು.

"ಹಸಿರು ಗುಂಡಿ ಎರಡು ಸಲ ಒತ್ತಿದ್ರೆ ಬರ್ತಿದ್ದ," ಎಂದಳು ಅಮ್ಮ. "ಸುಮ್ನೆ ನಿಂತಿರ್ತಿದ್ದ. ಈ ಕಾಲಿಂದ ಆ ಕಾಲಿಗೆ ಭಾರ ಹಾಕ್ಕೊಂಡು. ಉಸಿರಾಡ್ತಿದ್ದ ಕಣೇ, ಎದೆ ಏರಿ ಇಳಿಯೋದು ಕಾಣಿಸ್ತಿತ್ತು. ಮೇಲೆ ಅವನ ಹೆಸರು. ನಾನು ಬಟ್ಟೆ ಮಡಿಸ್ತಾ ಕೂತಿರ್ತಿದ್ದೆ. ಯಾರ ತಂಟೆಗೂ ಹೋಗಿರ್ಲಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಅಳ್ತೀಯ. ಇಲ್ಲಾಂದ್ರೆ ನನ್ನ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀಯ."

ಅವಳು ಅಲ್ಲೇ ನೆಲದ ಮೇಲೆ ಕೂತಳು. "ನಾನೇ ಅಮ್ಮ ಮಾಡಿದ್ದು. ಯಾರೋ ದಿನಾ ಕಾದು ಕಾದು ಹೋಗ್ತಿದ್ದಾರೆ ಅಂತ ನಾನೇ ಆಟ ಹುಡುಕಿಕೊಟ್ಟೆ. ನನ್ನ ಕೈಯಾರೆ ಅವನನ್ನ ಗುಂಡಿನ ಮುಂದೆ ತಂದು ನಿಲ್ಲಿಸ್ದೆ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಟ ಮುಗಿದು ಪರದೆಯಲ್ಲಿ ರ‍್ಯಾಂಕ್ ಮೂಡಿತು. ಮೂವತ್ತೊಂಬತ್ತು. ಅವಳು ಕಂಟ್ರೋಲರಿಗೆ ಕೈ ಚಾಚಿದಳು. "ಅಮ್ಮ, ಅದನ್ನ ಕೆಳಗಿಡು. ಸೋತಷ್ಟೂ ಆ ಅಂಕ ಇಳಿಯುತ್ತೆ. ನಲವತ್ತನಾಲ್ಕು ಇತ್ತು, ಅವನು ಕಷ್ಟಪಟ್ಟು ಗಳಿಸಿದ್ದು. ಅವನು ಮಾಡಿದ್ದು ಅಂತ ಉಳಿದಿರೋದು ಅದೊಂದೇ. ನಾಳೆ ನಾನು ಅವನಿಗೇ ಅಂತ ಒಂದು ಪ್ಲೇಲಿಸ್ಟ್ ಮಾಡ್ತೀನಿ, ಅಲ್ಲಿಗೆ ಯಾರೂ ಬರಲ್ಲ. ಮೊದಲಿನ ಹಾಗೆ ನಿಂತಿರ್ತಾನೆ. ನಿನ್ನಾಣೆ."

ಅಮ್ಮ ಕಂಟ್ರೋಲರ್ ಕೆಳಗಿಡಲಿಲ್ಲ. ಪರದೆಯಲ್ಲಿ ಮುಂದಿನ ಆಟ ಸಿಕ್ಕಿತೆಂದು ಬಂತು, ಹತ್ತರಿಂದ ಕೆಳಕ್ಕೆ ಎಣಿಕೆ ಶುರುವಾಯಿತು.

"ಎರಡು ದಿನದಿಂದ ನೋಡ್ತಿದ್ದೀನಿ," ಎಂದಳು ಅಮ್ಮ. "ಬೇರೆಯವರೆಲ್ಲಾ ಓಡ್ತಾರೆ, ಬಚ್ಚಿಟ್ಕೋತಾರೆ. ಇವನೊಬ್ಬನೇ ನಿಂತು ಏಟು ತಿಂತಾನೆ. ನನ್ನ ಕೈಗೆ ಸಿಕ್ಕಿದ್ದಕ್ಕೆ ತಾನೇ? ಆ ಜ್ವರದಲ್ಲೂ ಹಿಂಗೇ, ಏನೂ ಗೊತ್ತಾಗದೆ ಪಕ್ಕದಲ್ಲಿ ಕೂತಿದ್ದೆ. ಅಂಕ ಹೋದ್ರೆ ಹೋಗ್ಲಿ ಬಿಡು. ಓಡೋದು ಹೆಂಗೆ, ತೋರಿಸು."

ಮೂವತ್ತೆಂಟಕ್ಕೆ ಇಳಿಯುವುದು ಖಂಡಿತವಿತ್ತು. ಅವಳು ಎದ್ದು ಮಂಚದ ಮೇಲೆ ಕೂತಳು. ಅಮ್ಮನ ಎಡ ಹೆಬ್ಬೆರಳನ್ನು ಹಿಡಿದು ಕಂಟ್ರೋಲರಿನ ಎಡಗಡೆಯ ಪುಟ್ಟ ಕಡ್ಡಿಯ ಮೇಲಿಟ್ಟಳು, ಬಲದ್ದನ್ನು ಬಲಗಡೆಯದರ ಮೇಲೆ. ಎಣಿಕೆ ಮುಗಿಯಿತು. ನೀಲಿ ಕವಚದವನು ಆಕಾಶದಿಂದ ಮುಖ ಇಳಿಸಿದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ, ಆಮೇಲೆ ಓಡಿದ. ನೆಟ್ಟಗೆ ಓಡಿ ಗೋಡೆಗೆ ಮೂಗು ಹಚ್ಚಿ, ನಿಂತಲ್ಲೇ ಓಡುತ್ತಾ ಉಳಿದ.

"ತಿರುಗಿಸೇ, ಬೇಗ ತಿರುಗಿಸೇ," ಎಂದು ಅಮ್ಮ ಕೂಗಿದಳು. "ಬರ್ತಿದ್ದಾರೆ!"

ಅವಳು ಅಮ್ಮನ ಬೆರಳ ಮೇಲೆ ತನ್ನ ಬೆರಳಿಟ್ಟು ಒತ್ತಿದಳು.